ಶುಶ್ರೂಷೆ ಮಾಡುವವರಿಗೆ ಆಸರೆಯಾಗುವವರು ಯಾರು?

ಮಹಾಮಾರಿಯ ಕಾಲದಲ್ಲಿ ದಾದಿಯರ ಮನಸ್ಸಿಗೆ ಬಂದ ಭಾರವನ್ನೂ ಅದಕ್ಕೆ ತಕ್ಕ ಸಹಾಯವನ್ನೂ ಕುರಿತ ಪಾಠ



ಕೊಡಗಿನ ಉತ್ತರದ ಅಂಚಿನಲ್ಲಿ, ಹಾಸನ ಸೀಮೆಯ ಗಡಿಗೆ ತಗಲಿಕೊಂಡಿರುವ ಕೊಡ್ಲಿಪೇಟೆಯಲ್ಲಿಯೂ ಅದರ ಸುತ್ತಲಿನ ಹಳ್ಳಿಗಳಲ್ಲಿಯೂ ವಾಸಿಸುವ ನಮಗೆ ದಾದಿಯೆಂದರೆ ಯಾರೆಂದು ವಿವರಿಸಿ ಹೇಳಬೇಕಾದದ್ದಿಲ್ಲ. ಜಿಲ್ಲೆಯ ದೊಡ್ಡ ಆಸ್ಪತ್ರೆ ಇರುವ ಮಡಿಕೇರಿಗೆ ಹೋಗಬೇಕಾದರೆ ಶನಿವಾರಸಂತೆಯನ್ನೂ ಸೋಮವಾರಪೇಟೆಯನ್ನೂ ದಾಟಿ ಬೆಟ್ಟದ ದಾರಿಯಲ್ಲಿ ಬಹು ದೂರ ಪ್ರಯಾಣಮಾಡಬೇಕು. ಆಷಾಢದ ಮಳೆಯಲ್ಲಿ ಮರ ಬಿದ್ದು ದಾರಿ ಕಟ್ಟಿದರೆ ಅದೂ ಆಗದು. ಆದಕಾರಣ ಮಗುವಿಗೆ ಜ್ವರ ಏರಿದಾಗಲೂ, ತೋಟದ ಆಳಿಗೆ ಕತ್ತಿಯ ಗಾಯವಾದಾಗಲೂ, ನಡುರಾತ್ರಿಯಲ್ಲಿ ಹೆರಿಗೆಯ ನೋವು ತೊಡಗಿದಾಗಲೂ ನಾವು ಮೊದಲು ಕಾಣುವ ಮುಖವು ಬಹುಮಟ್ಟಿಗೆ ದಾದಿಯದೇ. ಹಳ್ಳಿಗಳ ಹೆಣ್ಣುಮಕ್ಕಳಲ್ಲಿ ಕೆಲವರು ತಾವೇ ಈ ವಿದ್ಯೆಯನ್ನು ಕಲಿತು ಊರೂರುಗಳ ಆಸ್ಪತ್ರೆಗಳಲ್ಲಿ ಕೆಲಸಮಾಡುತ್ತಾರೆ. ಈ ನಾಡಿನಲ್ಲಿ ಶುಶ್ರೂಷೆಯ ಕೆಲಸವನ್ನು ಬೆಳೆಸಿದ ಸಂಸ್ಥೆಗಳಲ್ಲಿ ಮೈಸೂರಿನಲ್ಲಿ ೧೯೦೬ರಲ್ಲಿ ತೆರೆದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯೂ, ಉಡುಪಿಯಲ್ಲಿ ೧೯೨೩ರಲ್ಲಿ ಡಾಕ್ಟರ್ ಇವಾ ಲೊಂಬಾರ್ಡ್ ಎಂಬವರು ಆರಂಭಿಸಿದ ಆಸ್ಪತ್ರೆಯೂ ಸೇರಿವೆ. ಹೀಗಿರುವದರಿಂದ ದಾದಿಯರ ಕಷ್ಟವು ನಮಗೆ ಅನ್ಯರ ಕಷ್ಟವಲ್ಲ.

ರೋಗಿಯನ್ನು ನೋಡಿಕೊಳ್ಳುವವರು ದಾದಿಯರು. ಆ ದಾದಿಯರ ಮನಸ್ಸು ಕುಗ್ಗಿದರೆ ಅವರನ್ನು ನೋಡಿಕೊಳ್ಳುವವರು ಯಾರು? ಈ ಪಾಠದಲ್ಲಿ ಅದನ್ನೇ ವಿಚಾರಿಸೋಣ. ಲೋಕಾರೋಗ್ಯ ಸಂಸ್ಥೆಯು ಕೊರೋನ ರೋಗವನ್ನು ಮಹಾಮಾರಿಯೆಂದು ಹೇಳಿದ್ದು ೨೦೨೦ರ ಮಾರ್ಚ್ ೧೧ರಂದು. ಅದರ ತುರ್ತು ಸ್ಥಿತಿಯು ಮುಗಿಯಿತೆಂದು ಸಾರಿದ್ದು ೨೦೨೩ರ ಮೇ ೫ರಂದು. ಮುಗಿದುಹೋದ ಸಂಗತಿಯನ್ನು ಈಗ ಎತ್ತುವದೇಕೆಂದು ಯಾರಾದರೂ ಕೇಳಬಹುದು. ಮಳೆಗಾಲಕ್ಕೆ ಬೇಕಾದ ಸೌದೆಯನ್ನು ನಾವು ಬೇಸಗೆಯಲ್ಲಿಯೇ ಸೀಳಿ ಒಟ್ಟುತ್ತೇವಲ್ಲವೇ? ಮಳೆ ಹಿಡಿದ ಮೇಲೆ ಕಾಡಿಗೆ ಹೋದರೆ ಒದ್ದೆ ಕಟ್ಟಿಗೆಯೇ ಹೊರತು ಬೇರೇನೂ ಸಿಕ್ಕದು.

೧. ಆ ಕಾಲದಲ್ಲಿ ದಾದಿಯ ಕೆಲಸ ಹೇಗಿತ್ತು?

ಇಂಡ್ಯಾ ದೇಶದಲ್ಲಿ ಈ ರೋಗದಿಂದಾದ ಮೊದಲನೆಯ ಮರಣವು ನಮ್ಮ ರಾಜ್ಯದ ಕಲಬುರಗಿಯವರದೆಂದು ೨೦೨೦ರ ಮಾರ್ಚ್ ೧೨ರಂದು ತಿಳಿದುಬಂತು. ಅದೇ ತಿಂಗಳಲ್ಲಿ ಕೊಡಗಿನಲ್ಲಿಯೂ ರೋಗವು ಕಾಣಿಸಿಕೊಂಡಿತು. ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯು ಈ ರೋಗಿಗಳಿಗಾಗಿ ಗೊತ್ತುಮಾಡಲ್ಪಟ್ಟಿತು. ಈ ಜಿಲ್ಲೆಯವರಿಗೆ ಅದು ಮೊದಲನೆಯ ಆಪತ್ತೂ ಆಗಿರಲಿಲ್ಲ. ೨೦೧೮ರ ಆಗಸ್ಟ್ ತಿಂಗಳಲ್ಲಿ ಗುಡ್ಡಗಳು ಜರಿದು ಮನೆಗಳೂ ತೋಟಗಳೂ ಮಣ್ಣುಪಾಲಾಗಿದ್ದವು. ೨೦೧೯ರ ಮಳೆಗಾಲವೂ ಕಠಿಣವಾಗಿತ್ತು. ೨೦೨೦ರ ಆಗಸ್ಟ್‌ನಲ್ಲಿ, ಜಾಡ್ಯವು ಇನ್ನೂ ಹರಡುತ್ತಿದ್ದಾಗಲೇ, ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಗುಡ್ಡ ಕುಸಿದು ಜನರು ಸತ್ತರು.

ರೋಗಿಗಳ ವಾರ್ಡಿಗೆ ಹೋಗುವ ದಾದಿಯು ತಲೆಯಿಂದ ಕಾಲಿನ ವರೆಗೆ ಮುಚ್ಚುವ ರಕ್ಷಣೆಯ ಉಡುಪನ್ನು ತೊಟ್ಟು, ಮೂಗಿಗೂ ಬಾಯಿಗೂ ಬಿಗಿಯಾದ ಮುಸುಕನ್ನು ಕಟ್ಟಿ, ಕಣ್ಣಿಗೆ ಕನ್ನಡಕವನ್ನು ಹಾಕಿ, ಕೈಗೆ ಎರಡು ಪದರ ಗವಸುಗಳನ್ನು ಹಾಕಿಕೊಳ್ಳಬೇಕಾಗಿತ್ತು. ಆ ಉಡುಪಿನಲ್ಲಿ ಗಾಳಿಯಾಡುವದಿಲ್ಲ. ಕೆಲಸ ಮುಗಿಯುವ ವರೆಗೆ ನೀರು ಕುಡಿಯುವ ಹಾಗಿಲ್ಲ. ಶೌಚಕ್ಕೆ ಹೋಗುವ ಹಾಗಿಲ್ಲ. ಬೆವರು ಒಳಗೆ ಇಳಿಯುವದು, ಕನ್ನಡಕವು ಮಂಜುಗಟ್ಟುವದು, ಮುಸುಕಿನ ಅಂಚು ಕೆನ್ನೆಯನ್ನು ಕೊರೆಯುವದು. ಹೀಗೆ ಆರು ಎಂಟು ತಾಸು ದುಡಿದವರ ದೇಹವು ಎಷ್ಟು ಬಳಲುವದೆಂಬದನ್ನು ನಾಟಿಯ ಗದ್ದೆಯಲ್ಲಿ ದಿನವೆಲ್ಲಾ ಬೆನ್ನು ಬಗ್ಗಿಸಿದವರು ಊಹಿಸಿಕೊಳ್ಳಬಹುದು. ಆದರೆ ಗದ್ದೆಯ ಕೆಲಸ ಮುಗಿದರೆ ಮನೆಗೆ ಬಂದು ಒಲೆಯ ಮುಂದೆ ಕೂತುಕೊಳ್ಳಬಹುದು. ಮೊದಲ ತಿಂಗಳುಗಳಲ್ಲಿ ದಾದಿಗೆ ಆ ಭಾಗ್ಯವೂ ಇರಲಿಲ್ಲ. ಕೆಲವು ದಿನ ವಾರ್ಡಿನಲ್ಲಿ ಕೆಲಸಮಾಡಿದ ಮೇಲೆ ಮನೆಯವರಿಗೆ ರೋಗ ತಗಲಬಾರದೆಂದು ಆಕೆಯು ಪ್ರತ್ಯೇಕ ಸ್ಥಳದಲ್ಲಿ ಒಂಟಿಯಾಗಿ ವಾಸಿಸಬೇಕಾಗಿತ್ತು.

ಇದಕ್ಕೆ ಒಂದು ದೃಷ್ಟಾಂತವು ಬೆಳಗಾವಿಯಿಂದ ಬಂತು. ೨೦೨೦ರ ಏಪ್ರಿಲ್ ತಿಂಗಳಲ್ಲಿ ಅಲ್ಲಿಯ ಸರಕಾರಿ ಆಸ್ಪತ್ರೆಯ ಒಬ್ಬ ದಾದಿಯು ಮನೆಗೆ ಹೋಗದೆ ಬೇರೆಯಾಗಿ ವಾಸವಾಗಿದ್ದಳು. ಆಕೆಯ ಚಿಕ್ಕ ಮಗಳು ಅಮ್ಮ ಬೇಕೆಂದು ಹಟಹಿಡಿದದ್ದರಿಂದ ತಂದೆಯು ಅವಳನ್ನು ಮೋಟಾರ್ ಸೈಕಲ್ಲಿನಲ್ಲಿ ಕೂಡ್ರಿಸಿಕೊಂಡು ಬಂದನು. ತಾಯಿಯು ದೂರದಲ್ಲಿ ನಿಂತು ಅತ್ತಳು; ಮಗುವು ಕೈ ಚಾಚಿ ಅತ್ತಿತು; ಆದರೂ ತಾಯಿಯು ಹತ್ತಿರ ಬರಲಿಲ್ಲ. ಆ ಚಿತ್ರವನ್ನು ಜನರು ಮೊಬೈಲಿನಲ್ಲಿ ನಾಡೆಲ್ಲಾ ನೋಡಿದರು. ಆಗಿನ ಮುಖ್ಯಮಂತ್ರಿಗಳಾದ ಬಿ. ಎಸ್. ಯಡಿಯೂರಪ್ಪನವರು ಆಕೆಯೊಡನೆ ಟೆಲಿಫೋನಿನಲ್ಲಿ ಮಾತಾಡಿ ಧೈರ್ಯ ಹೇಳಿದರು. ಆ ಒಬ್ಬಳ ಕಣ್ಣೀರು ಎಲ್ಲರಿಗೂ ಕಂಡಿತು. ಯಾರ ಕಣ್ಣಿಗೂ ಬೀಳದೆ ಅತ್ತವರು ಅನೇಕರು.

೨. ಮನಸ್ಸು ಬಳಲುವ ಬಗೆ

ಈ ಬಳಲಿಕೆಗೆ ಒಂದೇ ಕಾರಣವಲ್ಲ. ಅದರಲ್ಲಿ ಮುಖ್ಯವಾದ ನಾಲ್ಕನ್ನು ಇಲ್ಲಿ ಹೇಳುವೆವು.

ಮೊದಲನೆಯದು ಭಯ. ತನಗೆ ರೋಗ ಬಂದೀತೆಂಬ ಭಯಕ್ಕಿಂತಲೂ ತನ್ನಿಂದ ಮಕ್ಕಳಿಗೂ ವಯಸ್ಸಾದ ಅತ್ತೆಮಾವಂದಿರಿಗೂ ಬಂದೀತೆಂಬ ಭಯವು ಹೆಚ್ಚಾಗಿ ಕಾಡುವದು.

ಎರಡನೆಯದು ದುಃಖ. ಈ ರೋಗದಲ್ಲಿ ಬಂಧುಗಳನ್ನು ರೋಗಿಯ ಬಳಿಗೆ ಬಿಡುತ್ತಿರಲಿಲ್ಲ. ಆದದರಿಂದ ಸಾಯುವವರ ಕೈ ಹಿಡಿಯುವದೂ, ಮನೆಯವರ ಕಡೇ ಮಾತನ್ನು ಅವರಿಗೆ ಕೇಳಿಸುವದಕ್ಕಾಗಿ ಟೆಲಿಫೋನನ್ನು ಕಿವಿಯ ಬಳಿ ಹಿಡಿಯುವದೂ ದಾದಿಯ ಪಾಲಿಗೆ ಬಂತು. ಒಬ್ಬರಿಗಾಗಿ ದುಃಖಿಸಿ ಮುಗಿಯುವ ಮೊದಲೇ ಆ ಹಾಸಿಗೆಗೆ ಮತ್ತೊಬ್ಬರು ಬರುತ್ತಿದ್ದರು.

ಮೂರನೆಯದು ಸತ್ವವೆಲ್ಲಾ ತೀರಿಹೋಗುವದು. ಲೋಕಾರೋಗ್ಯ ಸಂಸ್ಥೆಯು ೨೦೧೯ರಲ್ಲಿ, ಅಂದರೆ ಜಾಡ್ಯಕ್ಕೆ ಮುಂಚೆಯೇ, ಕೆಲಸದ ಸ್ಥಳದಲ್ಲಿ ಬಹುಕಾಲ ನಿಭಾಯಿಸಲಾಗದ ಒತ್ತಡದಿಂದ ಉಂಟಾಗುವ ಈ ಅವಸ್ಥೆಗೆ ಮೂರು ಗುರುತುಗಳನ್ನು ಹೇಳಿತು: ಶಕ್ತಿಯೆಲ್ಲಾ ಬತ್ತಿದ ಹಾಗೆ ತೋರುವದು, ಕೆಲಸದ ಮೇಲೆ ಬೇಸರ ಹುಟ್ಟಿ ಮನಸ್ಸು ದೂರವಾಗುವದು, ತನ್ನ ಕೈಯಿಂದ ಇನ್ನು ಏನೂ ಚೆನ್ನಾಗಿ ಆಗದೆಂದು ತೋರುವದು. ಮೃದುವಾಗಿ ಮಾತಾಡುತ್ತಿದ್ದವಳು ರೋಗಿಗಳ ಮೇಲೆ ಸಿಡುಕುವದಾದರೆ ಅದು ಯಾವಾಗಲೂ ದುಷ್ಟಸ್ವಭಾವವಲ್ಲ. ಹಲವು ಸಾರಿ ಅದು ಈ ಬಳಲಿಕೆಯ ಗುರುತು.

ನಾಲ್ಕನೆಯದು ಎಲ್ಲಕ್ಕಿಂತ ಆಳವಾದ ಗಾಯ. ಮಾಡತಕ್ಕದ್ದೇನೆಂದು ಬಲ್ಲವರು ಅದನ್ನು ಮಾಡುವದಕ್ಕೆ ಸಾಧನವಿಲ್ಲದೆ ಸುಮ್ಮನೆ ನಿಂತು ನೋಡಬೇಕಾದರೆ ಅವರ ಮನಸ್ಸಾಕ್ಷಿಗೆ ಪೆಟ್ಟು ಬೀಳುವದು. ೨೦೨೧ರ ಏಪ್ರಿಲ್ ಮೇ ತಿಂಗಳುಗಳಲ್ಲಿ ರೋಗದ ಎರಡನೆಯ ಅಲೆಯು ಬಂದಾಗ ಪ್ರಾಣವಾಯುವಿನ ಕೊರತೆಯುಂಟಾಯಿತು. ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಮೇ ೨ ಮತ್ತು ೩ನೇ ತಾರೀಕುಗಳಲ್ಲಿ ಒಂದು ದಿನದೊಳಗೆ ೨೪ ರೋಗಿಗಳು ಸತ್ತರು. ಉಸಿರಿಗಾಗಿ ತವಕಿಸುವ ರೋಗಿಯ ಪಕ್ಕದಲ್ಲಿ ನಿಂತು ಕೊಡುವದಕ್ಕೆ ಏನೂ ಇಲ್ಲದೆ ಹೋದವರು, ತಮ್ಮ ತಪ್ಪಿಲ್ಲವೆಂದು ತಿಳಿದಿದ್ದರೂ ಆ ರಾತ್ರಿಯನ್ನು ವರುಷಗಟ್ಟಲೆ ಹೊತ್ತುಕೊಂಡಿರುವರು.

ನಿದ್ರೆ ಬಾರದಿರುವದು, ಕೆಟ್ಟ ಕನಸು, ಊಟ ಸೇರದಿರುವದು, ಸಣ್ಣ ಶಬ್ದಕ್ಕೂ ಬೆಚ್ಚುವದು, ಕಾರಣವಿಲ್ಲದೆ ಅಳುವದು, ಯಾರೊಡನೆಯೂ ಮಾತು ಬೇಡವೆನ್ನುವದು ಇವೆಲ್ಲಾ ಇಂಥ ಭಾರದ ಚಿಹ್ನೆಗಳು. ಹಳ್ಳಿಗಳಲ್ಲಿ ಇಂಥದ್ದನ್ನು ಕಂಡರೆ ಗಾಳಿ ಸೋಕಿತೆಂದು ತಾಯಿತ ಕಟ್ಟಿಸುವವರುಂಟು. ಸೋಮಾರಿತನವೆಂದು ಜರೆಯುವವರೂ ಉಂಟು. ನಂಬಿಕೆ ಕಡಿಮೆಯಾಯಿತೆಂದು ಉಪದೇಶಿಸುವವರೂ ಉಂಟು. ಈ ಮೂರೂ ತಪ್ಪು. ತಾಳಲಾರದ ಹೊರೆ ಹೊತ್ತವನ ಬೆನ್ನು ನೋಯುವದು ಹೇಗೆ ಸಹಜವೋ ಇದೂ ಹಾಗೆಯೇ ಸಹಜ. ದಾದಿಯರಲ್ಲಿ ಲೋಕಪ್ರಸಿದ್ಧಳಾದ ಫ್ಲಾರೆನ್ಸ್ ನೈಟಿಂಗೇಲಳು ಕ್ರಿಮಿಯಾ ಯುದ್ಧದ ಕಾಲದಲ್ಲಿ ಗಾಯಾಳುಗಳನ್ನು ನೋಡಿಕೊಳ್ಳುತ್ತಿದ್ದಾಗ ಕಾಯಿಲೆ ಬಿದ್ದು, ಹಿಂತಿರುಗಿದ ಮೇಲೆ ಅನೇಕ ವರುಷ ಹಾಸಿಗೆಯಲ್ಲಿಯೇ ಇದ್ದುಕೊಂಡು ಕೆಲಸಮಾಡಿದಳು. ಆಕೆಯು ಹುಟ್ಟಿ ೨೦೦ ವರುಷ ತುಂಬಿದ ೨೦೨೦ನೇ ಇಸವಿಯನ್ನು ಲೋಕಾರೋಗ್ಯ ಸಂಸ್ಥೆಯು ದಾದಿಯರ ಮತ್ತು ಸೂಲಗಿತ್ತಿಯರ ವರುಷವೆಂದು ಗೊತ್ತುಮಾಡಿತ್ತು. ಆ ವರುಷವೇ ದಾದಿಯರಿಗೆ ಅತಿ ಕಷ್ಟದ ವರುಷವಾಯಿತು.

೩. ನೆರೆಹೊರೆಯವರು ಕೂಡಿಸಿದ ಭಾರ

ರೋಗದಿಂದ ಬಂದ ಕಷ್ಟ ಸಾಲದೆಂಬಂತೆ ಜನರೂ ಕೆಲವು ಕಷ್ಟಗಳನ್ನು ತಂದರು. ದೇಶದ ಅನೇಕ ಪಟ್ಟಣಗಳಲ್ಲಿ ಬಾಡಿಗೆ ಮನೆಗಳ ಒಡೆಯರು ಡಾಕ್ಟರರನ್ನೂ ದಾದಿಯರನ್ನೂ ಮನೆ ಬಿಡಬೇಕೆಂದು ಒತ್ತಾಯಿಸಿದರು. ರೋಗವನ್ನು ವಿಚಾರಿಸುವದಕ್ಕೆ ಹೋದ ಆರೋಗ್ಯ ಸಿಬ್ಬಂದಿಯ ಮೇಲೆ ಕಲ್ಲು ತೂರಿದವರೂ ಇದ್ದರು. ೨೦೨೦ರ ಏಪ್ರಿಲ್ ೧೯ರಂದು ಬೆಂಗಳೂರಿನ ಪಾದರಾಯನಪುರದಲ್ಲಿ ಅಂಥ ಗಲಭೆಯಾಯಿತು.

ಪ್ಲೇಗಿನ ಕಾಲದಲ್ಲಿ ೧೮೯೭ರಲ್ಲಿ ಮಾಡಿದ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಸರಕಾರವು ೨೦೨೦ರ ಏಪ್ರಿಲ್ ೨೨ರ ಸುಗ್ರೀವಾಜ್ಞೆಯಿಂದ ತಿದ್ದಿತು. ಅದೇ ವರುಷದ ಸೆಪ್ಟೆಂಬರಿನಲ್ಲಿ ಆ ತಿದ್ದುಪಡಿಯು ಪಾರ್ಲಿಮೆಂಟಿನಲ್ಲಿ ಅಂಗೀಕೃತವಾಯಿತು. ಅದರ ಪ್ರಕಾರ ಸಾಂಕ್ರಾಮಿಕ ರೋಗದ ಕಾಲದಲ್ಲಿ ಆರೋಗ್ಯ ಸಿಬ್ಬಂದಿಯನ್ನು ಹಿಂಸಿಸಿದವರಿಗೆ ೩ ತಿಂಗಳಿಂದ ೫ ವರುಷದ ವರೆಗೆ, ಭಾರಿ ಗಾಯ ಮಾಡಿದವರಿಗೆ ೬ ತಿಂಗಳಿಂದ ೭ ವರುಷದ ವರೆಗೆ ಸೆರೆವಾಸವುಂಟು, ಜುಲ್ಮಾನೆಯೂ ಉಂಟು. ಹೊಡೆಯುವದು ಮಾತ್ರವಲ್ಲ, ಅವರ ವಾಸಕ್ಕೂ ಕೆಲಸಕ್ಕೂ ಅಡ್ಡಿಯಾಗುವಂತೆ ಪೀಡಿಸುವದೂ ಹಿಂಸೆಯೆಂದೇ ಈ ಕಾನೂನು ಎಣಿಸುತ್ತದೆ.

ಆದರೆ ಕಾನೂನು ಕೈಯನ್ನು ತಡೆಯಬಹುದೇ ಹೊರತು ಮುಖ ತಿರುಗಿಸುವವರನ್ನು ತಡೆಯಲಾರದು. ಬಾವಿಯ ಬಳಿ ಹೆಂಗಸರು ದೂರ ಸರಿಯುವದೂ, ಅಂಗಡಿಯವನು ಸಾಮಾನನ್ನು ಎಸೆದು ಕೊಡುವದೂ, ಆಕೆಯ ಮಕ್ಕಳೊಡನೆ ಆಡಬೇಡಿರೆಂದು ತಮ್ಮ ಮಕ್ಕಳನ್ನು ಗದರಿಸುವದೂ ಯಾವ ಠಾಣೆಯಲ್ಲಿಯೂ ದಾಖಲಾಗುವದಿಲ್ಲ. ಕೆಲಸದಿಂದ ಬಳಲಿ ಬಂದವರನ್ನು ಇಂಥ ನಡತೆಯು ಇನ್ನಷ್ಟು ಕುಗ್ಗಿಸುವದು. ರೋಗದ ವಿಷಯದಲ್ಲಿ ಜಾಗ್ರತೆಯು ತಕ್ಕದ್ದೇ. ಆದರೆ ಅಂತರವಿಟ್ಟು ಪ್ರೀತಿಯಿಂದ ಮಾತಾಡುವದಕ್ಕೆ ಯಾವ ಜಾಗ್ರತೆಯೂ ಅಡ್ಡಿಯಲ್ಲ.

೪. ಹೊಗಳಿಕೆ ಸಾಕೇ?

೨೦೨೦ರ ಮಾರ್ಚ್ ೨೨ರ ಸಾಯಂಕಾಲ ದೇಶದ ಜನರು ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿ ಜಾಗಟೆ ಬಾರಿಸಿದರು. ಮೇ ೩ರಂದು ಸೈನ್ಯದ ಹೆಲಿಕಾಪ್ಟರುಗಳು ಆಸ್ಪತ್ರೆಗಳ ಮೇಲೆ ಹೂವು ಸುರಿಸಿದವು. ಈ ಮರ್ಯಾದೆಯನ್ನು ನಾವು ಹಳಿಯುವದಿಲ್ಲ. ಸೇವೆಯಲ್ಲಿ ಸತ್ತ ಆರೋಗ್ಯ ಸಿಬ್ಬಂದಿಯ ಮನೆಯವರಿಗೆ ೫೦ ಲಕ್ಷ ರೂಪಾಯಿನ ವಿಮೆಯನ್ನು ಕೇಂದ್ರ ಸರಕಾರವು ಗೊತ್ತುಮಾಡಿದ್ದೂ ಒಳ್ಳೇದೇ. ಆದರೂ ಬದುಕಿದ್ದು ಪ್ರತಿದಿನ ವಾರ್ಡಿಗೆ ಹೋಗುವವರಿಗೆ ಬೇಕಾದದ್ದು ಏನು?

ಇದಕ್ಕೆ ಒಂದು ಸ್ಪಷ್ಟವಾದ ಉತ್ತರವು ರೋಗವು ಮೊದಲು ಕಾಣಿಸಿಕೊಂಡ ಚೀನ ದೇಶದಿಂದ ದೊರೆಯಿತು. ಅಲ್ಲಿಯ ಚಾಂಗ್‌ಶಾ ಪಟ್ಟಣದ ಒಂದು ದೊಡ್ಡ ಆಸ್ಪತ್ರೆಯವರು ೨೦೨೦ರ ಆರಂಭದಲ್ಲಿಯೇ ತಮ್ಮ ಸಿಬ್ಬಂದಿಗಾಗಿ ಮನಶ್ಶಾಸ್ತ್ರ ಬಲ್ಲವರ ಗುಂಪನ್ನು ಏರ್ಪಡಿಸಿದರು. ಆದರೆ ದಾದಿಯರು ಅವರ ಬಳಿಗೆ ಹೋಗಲೊಲ್ಲದೆ ಹೋದರು. ಸಿಡುಕೂ ಬಳಲಿಕೆಯೂ ಅವರಲ್ಲಿ ಕಾಣುತ್ತಿದ್ದರೂ ತಮಗೇನೂ ಆಗಿಲ್ಲವೆಂದರು. ವಿಚಾರಿಸಿದಾಗ ಅನೇಕರು, ತಮಗೆ ಮನೋವೈದ್ಯರಿಗಿಂತ ಹೆಚ್ಚಾಗಿ ತಡೆಯಿಲ್ಲದ ವಿಶ್ರಾಂತಿಯೂ ಸಾಕಷ್ಟು ರಕ್ಷಣೆಯ ಸಾಮಗ್ರಿಯೂ ಬೇಕೆಂದು ಹೇಳಿದರು. ಆಸ್ಪತ್ರೆಯವರು ಆ ಮಾತನ್ನು ಕೇಳಿ ತಮ್ಮ ಏರ್ಪಾಡನ್ನು ಬದಲಾಯಿಸಿದರು. ವಿಶ್ರಮಿಸುವ ಸ್ಥಳವನ್ನು ಕೊಟ್ಟರು. ಊಟವನ್ನೂ ದಿನಬಳಕೆಯ ಸಾಮಾನನ್ನೂ ಒದಗಿಸಿದರು. ಆಸ್ಪತ್ರೆಯಲ್ಲಿ ತಮ್ಮ ದಿನ ಹೇಗೆ ಸಾಗುತ್ತದೆಂದು ಮನೆಯವರಿಗೆ ಚಿತ್ರ ತೆಗೆದು ತೋರಿಸುವದಕ್ಕೆ ಸಹಾಯಮಾಡಿದರು. ಮಾತು ಕೇಳದ ರೋಗಿಗಳನ್ನು ನಿಭಾಯಿಸುವದು ಹೇಗೆಂದು ಕಲಿಸಿದರು. ಆಲೋಚನೆ ಹೇಳುವವರು ತಾವೇ ಆ ವಿಶ್ರಾಂತಿಯ ಸ್ಥಳಕ್ಕೆ ಹೋಗಿ ಕೂತು ದಾದಿಯರ ಮಾತುಗಳಿಗೆ ಕಿವಿಗೊಟ್ಟರು.

ಈ ಪಾಠದ ತಿರುಳು ಇಲ್ಲಿಯೇ ಇದೆ. ದಾದಿಯ ಮನಸ್ಸನ್ನು ಕಾಪಾಡುವ ಮೊದಲನೆಯ ಔಷಧವು ಒಳ್ಳೆಯ ಮಾತಲ್ಲ. ನಿದ್ರೆ, ಊಟ, ರಕ್ಷಣೆ, ಜೊತೆಗಾರರು, ತೆರೆದ ಬಾಗಿಲು. ಒಳ್ಳೆಯ ಮಾತು ಇವುಗಳ ಸಂಗಡ ಬಂದರೆ ಹಿಡಿಸುವದು. ಇವುಗಳಿಗೆ ಬದಲಾಗಿ ಬಂದರೆ ಹಿಡಿಸದು.

೫. ಆಸ್ಪತ್ರೆಯಲ್ಲಿ ಇರತಕ್ಕ ಸಹಾಯ

ಮೊದಲು, ಕೆಲಸಕ್ಕೆ ತಕ್ಕಷ್ಟು ಜನರು ಇರಬೇಕು. ಪ್ರಾಣಾಪಾಯದಲ್ಲಿರುವ ರೋಗಿಗಳ ವಾರ್ಡಿನಲ್ಲಿ ಒಬ್ಬ ರೋಗಿಗೆ ಒಬ್ಬ ದಾದಿ ಇರಬೇಕೆಂಬದು ನಿಯಮ. ಒಬ್ಬಳ ಮೇಲೆ ಅನೇಕ ರೋಗಿಗಳನ್ನು ಹೊರಿಸಿ ಆಮೇಲೆ ಆಕೆಗೆ ಮನಶ್ಶಾಂತಿಯ ಉಪದೇಶ ಹೇಳುವದು, ಕಾಲಿಗೆ ಕಲ್ಲು ಕಟ್ಟಿ ಈಜಲು ಕಲಿಸಿದ ಹಾಗೆ.

ಎರಡನೇದಾಗಿ, ರಾತ್ರಿಯ ಕೆಲಸದ ಸರದಿಯು ನ್ಯಾಯವಾಗಿರಬೇಕು. ನಡುವೆ ನೀರು ಕುಡಿಯುವದಕ್ಕೂ ಕೂತುಕೊಳ್ಳುವದಕ್ಕೂ ಹೊತ್ತೂ ಸ್ಥಳವೂ ಇರಬೇಕು. ಗುತ್ತಿಗೆಯ ಮೇಲೆ ಕೆಲಸಮಾಡುವವರ ಸಂಬಳವು ತಡವಾಗದೆ ಬರಬೇಕು. ಕಾಯಿಲೆ ಬಿದ್ದರೆ ಕೆಲಸ ಹೋದೀತೆಂಬ ಹೆದರಿಕೆ ಇರಬಾರದು.

ಮೂರನೇದಾಗಿ, ಹೊಸಬಳನ್ನು ಅನುಭವವುಳ್ಳವಳೊಡನೆ ಜೊತೆಗೂಡಿಸಬೇಕು. ಈ ಇಬ್ಬರೂ ಉಡುಪು ತೊಡುವಾಗ ಒಬ್ಬರನ್ನೊಬ್ಬರು ಪರೀಕ್ಷಿಸಿ, ಕೆಲಸ ಮುಗಿದ ಮೇಲೆ ಹೇಗಿದ್ದೀಯೆಂದು ಒಬ್ಬರನ್ನೊಬ್ಬರು ಕೇಳಬೇಕು. ಇದಕ್ಕೆ ಹಣ ಹಿಡಿಯುವದಿಲ್ಲ. ಅಭ್ಯಾಸ ಮಾತ್ರ ಬೇಕು. ವಾರ್ಡಿನ ಮೇಲ್ವಿಚಾರಕರು ತಪ್ಪನ್ನು ಹುಡುಕುವದಕ್ಕೆ ಮಾತ್ರವಲ್ಲದೆ ಕ್ಷೇಮವನ್ನು ವಿಚಾರಿಸುವದಕ್ಕೂ ಬರಬೇಕು.

ನಾಲ್ಕನೇದಾಗಿ, ಮನಸ್ಸಿನ ಕಷ್ಟವನ್ನು ಹೇಳಿಕೊಂಡವರ ಗುಟ್ಟನ್ನು ಕಾಪಾಡಬೇಕು. ಅದರಿಂದ ಅವರ ಬಡ್ತಿಗಾಗಲಿ ಹೆಸರಿಗಾಗಲಿ ಕುಂದು ಬರಬಾರದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ೨೦೨೦ರ ಮಾರ್ಚ್ ಕಡೆಯಲ್ಲಿಯೇ ಟೆಲಿಫೋನಿನ ಮೂಲಕ ಧೈರ್ಯ ಹೇಳುವ ಸೇವೆಯನ್ನು ತೆರೆಯಿತು. ೨೦೨೨ರ ಅಕ್ಟೋಬರ್ ೧೦ರಂದು ಟೆಲಿ ಮಾನಸ್ ಎಂಬ ದೇಶವ್ಯಾಪಿ ಸೇವೆಯು ಆರಂಭವಾಯಿತು. ೧೪೪೧೬ ಎಂಬ ನಂಬರಿಗೆ ಹಗಲಾಗಲಿ ರಾತ್ರಿಯಾಗಲಿ ಯಾರೂ ಕರೆಮಾಡಬಹುದು, ಹಣ ಕೊಡಬೇಕಾದದ್ದಿಲ್ಲ, ಕನ್ನಡದಲ್ಲಿಯೇ ಮಾತಾಡಬಹುದು. ಈ ನಂಬರನ್ನು ಮನೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟುಕೊಳ್ಳಿರಿ.

೬. ಊರಿನವರ ಪಾಲು

ದಾದಿಯರ ಸಂಖ್ಯೆಯನ್ನು ಹೆಚ್ಚಿಸುವದು ಸರಕಾರದ ಕೆಲಸ, ನಮ್ಮ ಕೈಯಲ್ಲಿಲ್ಲ. ಆದರೆ ನಮ್ಮ ಕೈಯಲ್ಲಿರುವದು ಕೊಂಚವಲ್ಲ.

ರಾತ್ರಿಯೆಲ್ಲಾ ಎಚ್ಚರವಿದ್ದು ಬಂದವಳು ಹಗಲಲ್ಲಿ ಮಲಗಿದರೆ ಮನೆಯವರು ಅದನ್ನು ಆಲಸ್ಯವೆಂದು ಎಣಿಸಬಾರದು. ಅತ್ತೆಯಾದವರು ಆ ಹೊತ್ತಿನಲ್ಲಿ ಬಾಗಿಲು ಮುಂದೆಮಾಡಿ ಮಕ್ಕಳನ್ನು ಹೊರಗೆ ಕರಕೊಂಡು ಹೋಗಲಿ. ಗಂಡನಾದವನು ಕೊಟ್ಟಿಗೆಯ ಕೆಲಸವನ್ನೂ ಅಡಿಗೆಯ ಕೆಲಸವನ್ನೂ ಹಂಚಿಕೊಳ್ಳಲಿ. ಜಾಡ್ಯದ ಕಾಲದಲ್ಲಿ ಆಕೆಯು ಬೇರೆಯಾಗಿರಬೇಕಾದರೆ ನೆರೆಯವರು ಹಾಲನ್ನೂ ಅಕ್ಕಿಯನ್ನೂ ಬಾಗಿಲ ಬಳಿ ಇಟ್ಟು ದೂರದಿಂದ ಕೂಗಿ ಮಾತಾಡಿಸಲಿ. ಸಭೆಯ ಹೆಂಗಸರು ಸರದಿಯ ಮೇಲೆ ಒಬ್ಬೊಬ್ಬರಾಗಿ ದಿನಕ್ಕೊಮ್ಮೆ ಟೆಲಿಫೋನಿನಲ್ಲಿ ಕ್ಷೇಮ ಕೇಳಲಿ.

ಕೇಳುವದರಲ್ಲಿಯೂ ಒಂದು ಕ್ರಮವುಂಟು. ಯಾರು ಸತ್ತರು, ಯಾರ ಮನೆಯವರಿಗೆ ರೋಗ ಬಂತು ಎಂದು ಕೇಳಬಾರದು; ಅದು ಆಕೆಯು ಹೇಳತಕ್ಕದ್ದಲ್ಲ. ಆಕೆಯು ಅಳುವದಾದರೆ ಅಳಬೇಡವೆಂದು ಬಾಯಿ ಮುಚ್ಚಿಸಬಾರದು. ಬಾಯಿಗೆ ಬಂದ ಸಮಾಧಾನಕ್ಕಿಂತ ಮೌನವಾಗಿ ಪಕ್ಕದಲ್ಲಿ ಕೂತಿರುವದು ಮೇಲು. ಜಾಡ್ಯವು ಹೋದ ತಿಂಗಳುಗಳ ಮೇಲೆಯೂ ಈ ಭಾರವು ಏಳಬಹುದಾದ್ದರಿಂದ ಆಗಲೂ ವಿಚಾರಿಸಬೇಕು.

ನಿದ್ರೆಯಿಲ್ಲದಿರುವದೂ ದುಃಖವೂ ಎರಡು ವಾರವಾದರೂ ಇಳಿಯದಿದ್ದರೆ ವೈದ್ಯರ ಬಳಿಗೆ ಕರಕೊಂಡು ಹೋಗಬೇಕು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಇದಕ್ಕಾಗಿಯೇ ಇದೆ. ಬದುಕುವದೇ ಬೇಡವೆಂಬ ಮಾತು ಆಕೆಯ ಬಾಯಿಂದ ಬಂದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಆಕೆಯನ್ನು ಒಂಟಿಯಾಗಿ ಬಿಡದೆ, ತೋಟಕ್ಕೆ ಹೊಡೆಯುವ ವಿಷವನ್ನೂ ಮಾತ್ರೆಗಳನ್ನೂ ಕೈಗೆ ಸಿಕ್ಕದ ಹಾಗೆ ತೆಗೆದಿಟ್ಟು, ಕೂಡಲೇ ೧೪೪೧೬ಕ್ಕೆ ಕರೆಮಾಡಿ ಆಸ್ಪತ್ರೆಗೆ ಸಂಗಡ ಹೋಗಬೇಕು. ಗಂಡು ದಾದಿಯರಿಗೂ, ಮನೆಮನೆಗೆ ತಿರುಗಿದ ಆಶಾ ಕಾರ್ಯಕರ್ತೆಯರಿಗೂ ಈ ಮಾತುಗಳೆಲ್ಲಾ ಹಾಗೆಯೇ ಸಲ್ಲುವವು.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

೧. ನಮ್ಮ ಊರಿನಿಂದ ದಾದಿಯ ಕೆಲಸಕ್ಕೆ ಹೋದವರು ಯಾರಾರು? ಕಳೆದ ವರುಷದಲ್ಲಿ ನಮ್ಮಲ್ಲಿ ಯಾರು ಅವರ ಕ್ಷೇಮವನ್ನು ಕೇಳಿದರು?

೨. ೨೦೨೦ನೇ ಇಸವಿಯಲ್ಲಿ ನಮ್ಮ ಬೀದಿಯವರು ಆರೋಗ್ಯ ಸಿಬ್ಬಂದಿಯೊಡನೆ ಹೇಗೆ ನಡಕೊಂಡರು? ಅದರಲ್ಲಿ ಭಯದಿಂದ ಆದದ್ದೆಷ್ಟು, ಜಾಗ್ರತೆಯಿಂದ ಆದದ್ದೆಷ್ಟು?

೩. ಬಳಲಿಕೆಗೂ ಸೋಮಾರಿತನಕ್ಕೂ ಇರುವ ಭೇದವನ್ನು ಹೇಗೆ ಗುರುತಿಸಬಹುದು?

೪. ಚಾಂಗ್‌ಶಾದ ದಾದಿಯರು ಬೇಡವೆಂದದ್ದು ಏನನ್ನು? ಬೇಕೆಂದದ್ದು ಏನನ್ನು? ಅವರ ಉತ್ತರದಿಂದ ನಾವು ಕಲಿಯತಕ್ಕದ್ದೇನು?

೫. ಮುಂದೆ ಇಂಥ ಜಾಡ್ಯ ಬಂದರೆ ಹಾಲು ಮುಟ್ಟಿಸುವವರು ಯಾರು, ಮಕ್ಕಳನ್ನು ನೋಡಿಕೊಳ್ಳುವವರು ಯಾರು, ದಿನಾಲೂ ಕರೆಮಾಡುವವರು ಯಾರು? ಅವರ ಹೆಸರುಗಳನ್ನು ಈ ಕೂಟದಲ್ಲಿಯೇ ಒಂದು ಪುಸ್ತಕದಲ್ಲಿ ಬರೆದಿಡಿರಿ.